‘ಮುಂಗಾರು ಮಳೆ’ ಮತ್ತು ಅದರ ತಯಾರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’ಯ ಬಗ್ಗೆ ಅಂದಿನ ಪ್ರೇಕ್ಷಕರೂ, ಆಗಿನ್ನೂ ಹುಟ್ಟಿರದಿದ್ದ ಇಂದಿನ ಕಾಲೇಜು ಹುಡುಗ ಹುಡುಗಿಯರೂ ಕೇಳುವ ಪ್ರಶ್ನೆಗಳಲ್ಲಿ ಆಶ್ಚರ್ಯವೆನಿಸುವಷ್ಟು ಹೋಲಿಕೆಯಿದೆ. ಅಂಥ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಉತ್ತರಿಸುವ ಪ್ರಯತ್ನ ಇದು. ಕಥೆಯನ್ನು ಕೊನೆಯವರೆಗೂ ಇಲ್ಲಿ ಹೇಳಲಾಗಿದೆ. ಚಿತ್ರವನ್ನು ಇನ್ನೂ ನೋಡಿಲ್ಲದವರು ಮೊದಲು ನೋಡಿ ಬಂದು ಓದಿದರೆ ಒಳ್ಳೆಯದು.

ಈ ಚಿತ್ರವನ್ನು ರೂಪಿಸಿದವರು ಯಾರು?

ನಿರ್ದೇಶಕರು ಯೋಗರಾಜ್ ಭಟ್, ನಿರ್ಮಾಪಕರು ಇ. ಕೃಷ್ಣಪ್ಪ. ‘ಮಣಿ’ (2003) ಮತ್ತು ‘ರಂಗ ಎಸ್‌ಎಸ್‌ಎಲ್‌ಸಿ’ (2004) ಚಿತ್ರಗಳ ನಂತರ ಭಟ್ಟರು ನಿರ್ದೇಶಿಸಿದ ಚಿತ್ರವಿದು. ಕಥೆಯ ಹಿಂದೆ ಭಟ್ಟರ ಜೊತೆಗೆ ಪ್ರೀತಂ ಗುಬ್ಬಿ ಅವರ ಕೈಯೂ ಇದೆ; ಚಿತ್ರದ ನಾಯಕನ ಹೆಸರೂ ಪ್ರೀತಂ ಎಂದೇ ಇರುವುದನ್ನು ಗಮನಿಸಬಹುದು. ಛಾಯಾಗ್ರಹಣ ಎಸ್. ಕೃಷ್ಣ ಅವರದು, ಸಂಕಲನ ದೀಪು ಎಸ್. ಕುಮಾರ್ ಅವರದು, ಸಂಗೀತ ಮನೋಮೂರ್ತಿ ಅವರದು. ಗಣೇಶ್, ಪೂಜಾ ಗಾಂಧಿ, ಅನಂತ್ ನಾಗ್, ಸುಧಾ ಬೆಳವಾಡಿ, ಪದ್ಮಜಾ ರಾವ್ ಮತ್ತು ದಿಗಂತ್ ಮುಖ್ಯ ಪಾತ್ರಗಳಲ್ಲಿದ್ದಾರೆ.

ಕಥೆಯನ್ನು ಸಂಕ್ಷಿಪ್ತವಾಗಿ ಹೇಳಬಹುದೇ?

ಹೇಳಬಹುದು, ಏಕೆಂದರೆ ಕಥೆ ಬಹಳ ಸಣ್ಣದು. ಬೆಂಗಳೂರಿನ ಸಿರಿವಂತರ ಮನೆಯ ಹುಡುಗ ಪ್ರೀತಂ ಒಂದು ಮಾಲ್‌ನ ಬಳಿ ನಂದಿನಿಯನ್ನು ಕಂಡು, ಅವಳನ್ನೇ ನೋಡುತ್ತಾ ನಡೆದು ತೆರೆದ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಅವಳೇ ಕೈಕೊಟ್ಟು ಮೇಲೆತ್ತುತ್ತಾಳೆ. ಆ ಗಡಿಬಿಡಿಯಲ್ಲಿ ಅವಳು ಕಳೆದುಕೊಂಡ ಹೃದಯಾಕಾರದ ಗಡಿಯಾರ ಅವನ ಪಾಲಾಗುತ್ತದೆ. ಮುಂದೆ ತಾಯಿಯೊಂದಿಗೆ ಒಂದು ಮದುವೆಗೆಂದು ಮಡಿಕೇರಿಗೆ ಹೋದವನಿಗೆ, ತಾನು ಇಳಿದುಕೊಂಡಿರುವುದು ನಂದಿನಿಯ ಮನೆಯಲ್ಲೇ, ನಡೆಯಲಿರುವುದು ಅವಳ ಮದುವೆಯೇ ಎಂಬುದು ತಿಳಿಯುತ್ತದೆ. ವರ ಗೌತಮ್ ಸೈನ್ಯದಲ್ಲಿರುವವನು, ನಂದಿನಿಯ ತಂದೆ ಕರ್ನಲ್ ಸುಬ್ಬಯ್ಯನವರ ಪ್ರಾಣ ಉಳಿಸಿದವನು. ಮದುವೆಗೆ ಉಳಿದಿರುವುದು ಒಂದೇ ವಾರ. ಆ ವಾರದಲ್ಲಿ ನಂದಿನಿಯ ಮನಸ್ಸೂ ಪ್ರೀತಂನತ್ತ ವಾಲುತ್ತದೆ. ಜಲಪಾತದ ನೆತ್ತಿಯ ಮೇಲೆ ನಿಂತು ಅವಳೇ ಬಾಯಿಬಿಟ್ಟು ಹೇಳುತ್ತಾಳೆ. ಆದರೆ ತಾನು ಹೃದ್ರೋಗಿ, ಯಾವಾಗ ಬೇಕಾದರೂ ಸಾಯಬಹುದು, ಮಗಳನ್ನು ಗೌತಮನ ಕೈಗೆ ಒಪ್ಪಿಸುವುದೊಂದೇ ಉಳಿದಿರುವ ಆಸೆ ಎಂದು ಕರ್ನಲ್ ಹೇಳಿದ ಮೇಲೆ, ಹುಡುಗಿಯನ್ನು ಕೇಳಲು ಹೋದ ಪ್ರೀತಂ ಏನನ್ನೂ ಕೇಳದೆ ಹಿಂದಿರುಗುತ್ತಾನೆ. ಮದುವೆಯ ಹಿಂದಿನ ರಾತ್ರಿ ದಾರಿಬದಿಯ ಬಾರಿನಲ್ಲಿ ಎದುರಾದ ಗೌತಮನಿಗೆ ತನ್ನ ಪ್ರೇಮದ ಕಥೆಯನ್ನೆಲ್ಲ ಹೇಳಿಕೊಂಡರೂ ಹುಡುಗಿಯ ಹೆಸರನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮರುದಿನ ವರನನ್ನು ಮದುವೆಮನೆಗೆ ತಲುಪಿಸಿ, ತಾನು ಒಳಗೆ ಹೋಗದೆ, ಬೆಂಗಳೂರಿನ ದಾರಿ ಹಿಡಿಯುತ್ತಾನೆ.

‘ಮುಂಗಾರು’ ಎಂಬ ಪದದ ಅರ್ಥವೇನು? ಶೀರ್ಷಿಕೆಗೆ ಆ ಪದವೇ ಏಕೆ?

ಹಳಗನ್ನಡದಿಂದಲೂ ‘ಕಾರ್’ ಎಂದರೆ ಮಳೆಗಾಲ, ಕಪ್ಪು ಮೋಡ ಎಂಬ ಅರ್ಥಗಳಿವೆ. ಮೊದಲು ಬರುವ ಕಾರು ಮುಂಗಾರು, ಹಿಂದಿನಿಂದ ಬರುವುದು ಹಿಂಗಾರು. ‘ಕ’ಕಾರ ‘ಗ’ಕಾರವಾಗುವುದು ‘ಮಳೆಗಾಲ’ ಎಂಬಲ್ಲಿ ಆಗುವಂಥದ್ದೇ ಆದೇಶ ಸಂಧಿ. ಜೂನ್ ತಿಂಗಳಲ್ಲಿ ನೈಋತ್ಯ ದಿಕ್ಕಿನಿಂದ ಬರುವ ಈ ಮಳೆಗಾಗಿ ಕರ್ನಾಟಕದ ರೈತ ಉತ್ತ ನೆಲದೊಂದಿಗೆ ಕಾದಿರುತ್ತಾನೆ. ಹೀಗಾಗಿ ‘ಮುಂಗಾರು’ ಎನ್ನುವ ಪದದೊಳಗೆ ಮಳೆಯ ಜೊತೆಗೆ ಕಾಯುವಿಕೆಯೂ, ಮೊದಲ ಸಲದ ತಳಮಳವೂ ಸೇರಿಕೊಂಡಿವೆ. ಬರೀ ‘ಮಳೆ’ ಎಂದಿದ್ದರೆ ಇಷ್ಟು ದಕ್ಕುತ್ತಿರಲಿಲ್ಲ.

ಮುಂಗಾರಿನ ಹೆಸರು ಹೊತ್ತ ಚಿತ್ರ ಬಿಡುಗಡೆಯಾದದ್ದು ಮಾತ್ರ ಆಕಾಶ ಸ್ವಚ್ಛವಾಗಿರುವ ಡಿಸೆಂಬರ್ ಚಳಿಯಲ್ಲಿ. ಆದರೆ 2007ರ ಮುಂಗಾರು ಬಂದಾಗಲೂ ಚಿತ್ರ ಓಡುತ್ತಲೇ ಇತ್ತು. ಹೊರಗೆ ನೆನೆದು ಬಂದವರು ಒಳಗೆ ಕುಳಿತು ಮತ್ತೆ ಅದೇ ಮಳೆಯನ್ನು ನೋಡುವಂತಾದದ್ದು ಅಪರೂಪದ ಸಂಗತಿ.

ಚಿತ್ರೀಕರಣ ಎಲ್ಲಿ ನಡೆಯಿತು? ಕೊಡಗಿನಲ್ಲಿ ರೈಲೇ ಇಲ್ಲವಲ್ಲ, ರೈಲು ನಿಲ್ದಾಣ ಎಲ್ಲಿಂದ ಬಂತು?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಕೊಡಗಿನವರೇ, ಅವರ ಮಾತು ಸರಿಯಾಗಿಯೇ ಇದೆ. ಕಥೆಯಲ್ಲಿ ನಂದಿನಿಯ ಗೆಳತಿಯರು ಮುಂಬೈನಿಂದ ರೈಲಿನಲ್ಲಿ ಬರಬೇಕು, ಆ ರೈಲು ಐದು ಗಂಟೆ ತಡ, ಆ ಐದು ಗಂಟೆಗಳನ್ನು ಕಳೆಯಲು ಪ್ರೀತಂ, ನಂದಿನಿ ಇಬ್ಬರೂ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗುತ್ತಾರೆ. ಕೊಡಗು ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲದ ಕಾರಣ ಆ ನಿಲ್ದಾಣ ಜಿಲ್ಲೆಯ ಹೊರಗೇ ಇರಬೇಕು. ನಂದಿನಿ ಮನಸ್ಸು ಬಿಚ್ಚುವ ಜೋಗ ಜಲಪಾತವಂತೂ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿದೆ; ಮಡಿಕೇರಿಯಿಂದ ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ದೂರ. ಮದುವೆಯ ಹೊಸ್ತಿಲಲ್ಲಿರುವ ಹುಡುಗಿ ಅಷ್ಟು ದೂರ ಹೋಗಿಬರುವುದು ಹೇಗೆ ಎಂದು ನಕ್ಷೆ ಹಿಡಿದು ಕೇಳಿದರೆ ಉತ್ತರ ಸಿಗದು. ಮಡಿಕೇರಿ, ಸಕಲೇಶಪುರ, ಜೋಗದ ಸುತ್ತಮುತ್ತಲಿನ ತಾಣಗಳನ್ನು ಚಿತ್ರ ಒಂದೇ ಊರಿನ ಹಿತ್ತಿಲಿನಂತೆ ಜೋಡಿಸಿಕೊಂಡಿದೆ. ಪಶ್ಚಿಮಘಟ್ಟದ ಉದ್ದಕ್ಕೂ ಬೀಳುವ ಮಳೆ ಒಂದೇ, ಹಸಿರು ಒಂದೇ, ಮಂಜು ಒಂದೇ ಆಗಿರುವುದರಿಂದ ನೋಡುವ ಕಣ್ಣಿಗೆ ಹೊಲಿಗೆ ಕಾಣುವುದಿಲ್ಲ. ಮಳೆಯೇ ಇಲ್ಲಿ ಭೂಗೋಳವನ್ನು ಹೊಲಿದ ದಾರ ಎಂದರೆ ತಪ್ಪಾಗಲಾರದು.

ಇನ್ನೊಂದು ಮಾತು: ನಂದಿನಿಯ ತಂದೆಯನ್ನು ನಿವೃತ್ತ ಕರ್ನಲ್ ಮಾಡಿರುವುದು ಕೊಡಗಿಗೆ ಚೆನ್ನಾಗಿ ಹೊಂದುವ ಆಯ್ಕೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆಯಲ್ಲಿ ಸೈನಿಕನ ಮಾತಿಗೆ ಇರುವ ತೂಕ ಬೇರೆಯೇ. ಗೌತಮನಿಗೆ ಕೊಟ್ಟ ಮಾತನ್ನು ಕರ್ನಲ್ ಮುರಿಯಲಾರರು ಎಂಬುದನ್ನು ಚಿತ್ರ ಬಿಡಿಸಿ ಹೇಳಬೇಕಾಗಿ ಬರುವುದಿಲ್ಲ.

ಮಳೆಯಲ್ಲಿ ಚಿತ್ರೀಕರಣ ಮಾಡುವುದು ಅಷ್ಟು ಕಷ್ಟವೇ? ಮಳೆ ತಾನಾಗಿಯೇ ಬೀಳುತ್ತದಲ್ಲ?

ಮಳೆ ತಾನಾಗಿಯೇ ಬೀಳುತ್ತದೆ, ಆದರೆ ತಾನಾಗಿಯೇ ಚಿತ್ರದಲ್ಲಿ ಮೂಡುವುದಿಲ್ಲ. ಹನಿ ಪಾರದರ್ಶಕವಾದದ್ದು, ಎದುರಿನಿಂದ ಬೆಳಕು ಬಿದ್ದರೆ ಹಿಂದಿನ ಮರಗಿಡಗಳೇ ಕಾಣುತ್ತವೆ ಹೊರತು ಹನಿ ಕಾಣುವುದಿಲ್ಲ. ಬೆಳಕು ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ತುಸು ಕಪ್ಪಾಗಿರಬೇಕು, ಆಗ ಒಂದೊಂದು ಹನಿಯೂ ಬೆಳ್ಳಿಯ ಗೆರೆಯಾಗಿ ಎದ್ದು ಕಾಣುತ್ತದೆ. ಮೋಡ ಕವಿದ ದಿನ ಸೂರ್ಯ ಎಲ್ಲಿದ್ದಾನೆಂದೇ ಗೊತ್ತಾಗುವುದಿಲ್ಲವಾದ್ದರಿಂದ ಆ ಹಿಂಬೆಳಕನ್ನು ದೀಪಗಳಿಂದಲೇ ಕೊಡಬೇಕಾಗುತ್ತದೆ. ಜಡಿಮಳೆಯಲ್ಲಿ ವಿದ್ಯುತ್ ದೀಪ, ಕೇಬಲ್, ಜನರೇಟರುಗಳನ್ನು ಕಾಪಾಡಿಕೊಂಡು ಈ ಕೆಲಸ ಮಾಡುವುದು ಎಷ್ಟು ಎಚ್ಚರದ ಸಂಗತಿ ಎಂಬುದನ್ನು ಮಲೆನಾಡಿನಲ್ಲಿ ಮಳೆಗಾಲದ ಒಂದು ವಾರ ಕಳೆದವರು ಊಹಿಸಬಲ್ಲರು.

ಅದಕ್ಕಿಂತ ದೊಡ್ಡ ತಲೆನೋವು ನಿರಂತರತೆಯದು. ಒಂದು ದೃಶ್ಯವನ್ನು ತುಂಡು ತುಂಡಾಗಿ ಗಂಟೆಗಟ್ಟಲೆ ಚಿತ್ರಿಸುತ್ತಾರೆ. ಮಳೆ ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ. ನಾಯಕನ ಮುಖದ ಮೇಲೆ ಕ್ಯಾಮೆರಾ ಇದ್ದಾಗ ಧೋ ಎಂದು ಸುರಿದದ್ದು, ನಾಯಕಿಯತ್ತ ತಿರುಗಿಸುವ ಹೊತ್ತಿಗೆ ತುಂತುರಾಗಿಬಿಟ್ಟರೆ ಎರಡೂ ತುಣುಕುಗಳು ಕೂಡಿಕೊಳ್ಳುವುದಿಲ್ಲ. ಕೂದಲು ಎಷ್ಟು ಒದ್ದೆಯಾಗಿತ್ತು, ಅಂಗಿಯ ಯಾವ ಭಾಗ ಮೈಗಂಟಿತ್ತು, ಕೊಡೆಯಿಂದ ನೀರು ಇಳಿಯುತ್ತಿತ್ತೇ ಎಂಬುದನ್ನೆಲ್ಲ ಸಹಾಯಕ ನಿರ್ದೇಶಕರು ಬರೆದಿಟ್ಟುಕೊಳ್ಳಬೇಕು. ಆದ್ದರಿಂದಲೇ ನಿಜವಾದ ಮಳೆಯ ನಾಡಿನಲ್ಲೂ ಚಿತ್ರತಂಡಗಳು ನೀರಿನ ಟ್ಯಾಂಕರು ಮತ್ತು ಕೃತಕ ಮಳೆಯ ಪೈಪುಗಳನ್ನು ಜೊತೆಗೆ ಒಯ್ಯುವುದುಂಟು. ಮಸೂರದ ಮೇಲೆ ಒಂದೇ ಒಂದು ಹನಿ ಕುಳಿತರೂ ಟೇಕ್ ಹಾಳು. ಜೊತೆಗೆ, ಆ ಕಾಲದಲ್ಲಿ ಕನ್ನಡ ಚಿತ್ರಗಳು ಸಾಮಾನ್ಯವಾಗಿ ನೆಗೆಟಿವ್ ಸುರುಳಿಯ ಮೇಲೆ ಚಿತ್ರೀಕರಣಗೊಳ್ಳುತ್ತಿದ್ದವು. 400 ಅಡಿಯ ಒಂದು ರೋಲಿನಲ್ಲಿ ಸಿಗುತ್ತಿದ್ದದ್ದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ ಅವಧಿಯ ಚಿತ್ರ. ಹಾಳಾದ ಪ್ರತಿಯೊಂದು ಟೇಕಿಗೂ ದುಡ್ಡಿನ ಲೆಕ್ಕವಿತ್ತು.

ಇಷ್ಟೆಲ್ಲದರ ನಡುವೆಯೂ ಮೋಡದ ಬೆಳಕಿನಲ್ಲೊಂದು ವರವಿದೆ. ಅದು ಮುಖಗಳ ಮೇಲೆ ಗಡುಸಾದ ನೆರಳು ಬೀಳಿಸುವುದಿಲ್ಲ, ಹಸಿರಿನ ಹತ್ತು ಛಾಯೆಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಕೃಷ್ಣ ಅವರ ಛಾಯಾಗ್ರಹಣದ ಹೆಗ್ಗಳಿಕೆ ಇರುವುದು ಈ ಬೆಳಕನ್ನು ನಂಬಿದ್ದರಲ್ಲಿ. ಕನ್ನಡದ ಪ್ರೇಕ್ಷಕರು ಹೆಚ್ಚಾಗಿ ಹಾಡುಗಳಲ್ಲಿ ಕಾಣುತ್ತಿದ್ದ ಮಲೆನಾಡನ್ನು ಇಲ್ಲಿ ಕಥೆಯ ಉದ್ದಕ್ಕೂ, ಅದರ ತೇವ ಮತ್ತು ಮಬ್ಬಿನ ಸಮೇತ ಕಂಡರು.

ಮಳೆಯ ಸದ್ದಿನ ನಡುವೆ ಮಾತುಗಳು ಇಷ್ಟು ಸ್ಪಷ್ಟವಾಗಿ ಕೇಳುವುದು ಹೇಗೆ?

ಡಬ್ಬಿಂಗ್‌ನಿಂದ. ಅಂದಿನ ಕನ್ನಡ ಚಿತ್ರಗಳ ರೂಢಿಯಲ್ಲಿ ಸ್ಥಳದಲ್ಲಿ ಮುದ್ರಿಸಿದ ಧ್ವನಿ ಕೇವಲ ಮಾರ್ಗದರ್ಶಿಯಾಗಿರುತ್ತಿತ್ತು. ಅದನ್ನು ಪೈಲಟ್ ಟ್ರ್ಯಾಕ್ ಎನ್ನುತ್ತಾರೆ. ನಂತರ ಸ್ಟುಡಿಯೋದಲ್ಲಿ ತುಟಿಯ ಚಲನೆಗೆ ಹೊಂದಿಸಿ ಮಾತನ್ನು ಮತ್ತೆ ಹೇಳಿಸುತ್ತಾರೆ. ಮಳೆಯ ಸದ್ದನ್ನೂ ಬೇರೆಯಾಗಿ ಕಟ್ಟಬೇಕು: ಹೆಂಚಿನ ಮೇಲೆ ಬೀಳುವ ಮಳೆ ಒಂದು ಬಗೆ, ಕೊಡೆಯ ಬಟ್ಟೆಯ ಮೇಲೆ ಬೀಳುವುದು ಇನ್ನೊಂದು ಬಗೆ, ಮರದೆಲೆಯಿಂದ ತಡವಾಗಿ ತೊಟ್ಟಿಕ್ಕುವುದು ಮತ್ತೊಂದು.

ನಾಯಕ ಏಕೆ ಅಷ್ಟೊಂದು ಮಾತನಾಡುತ್ತಾನೆ?

ಚಿತ್ರವನ್ನು ಇಷ್ಟಪಡದವರು ಮೊದಲು ಎತ್ತುವ ಆಕ್ಷೇಪ ಇದೇ, ನನ್ನ ದೃಷ್ಟಿಯಲ್ಲಿ ಚಿತ್ರದ ಕೀಲಿಕೈಯೂ ಇದೇ. ಪ್ರೀತಂ ಬಾಯಿ ಮುಚ್ಚದ ಹುಡುಗ. ತಾಯಿಯೊಡನೆ, ಅಪರಿಚಿತರೊಡನೆ, ಮೊಲದೊಡನೆ, ಯಾರೂ ಸಿಗದಿದ್ದರೆ ಮಳೆಯೊಡನೆ ಮಾತನಾಡುತ್ತಲೇ ಇರುತ್ತಾನೆ. ಅವನ ಮಾತು ಪುಸ್ತಕದ ಕನ್ನಡವಲ್ಲ, ನಾಟಕೀಯ ಸಂಭಾಷಣೆಯೂ ಅಲ್ಲ. ಬೆಂಗಳೂರಿನ ಹುಡುಗನೊಬ್ಬ ಗೆಳೆಯರ ನಡುವೆ ಹರಟುವಾಗ ಬರುವ, ಅರ್ಧಕ್ಕೆ ತಿರುಗಿ ಬೇರೆ ಕಡೆ ಹೋಗುವ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಮಾತು. ಭಟ್ಟರ ಸಂಭಾಷಣೆಯ ಶೈಲಿ ಎಂದು ನಂತರ ಹೆಸರಾದದ್ದು ಇದೇ.

ಆದರೆ ಇಡೀ ಚಿತ್ರದಲ್ಲಿ ಅವನು ಹೇಳಲೇಬೇಕಾದ ಮಾತುಗಳು ಎಲ್ಲಿ ಬರುತ್ತವೆಯೋ ಅಲ್ಲೆಲ್ಲ ಅವನ ಬಾಯಿ ಕಟ್ಟುತ್ತದೆ. ದೇವಸ್ಥಾನದಿಂದ ಹಿಂದಿರುಗುವಾಗ ಮಳೆಗೆ ಸಿಕ್ಕಿ ವೃದ್ಧ ದಂಪತಿಯ ಗುಡಿಸಲಿನಲ್ಲಿ ಆಶ್ರಯ ಪಡೆದ ಸಂದರ್ಭವನ್ನು ನೆನಪಿಸಿಕೊಳ್ಳಿ. ಒಳಗೆ ಹುಡುಗಿ ಇದ್ದಾಳೆ, ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಅವನು ಹೆಂಡದ ಬಾಟಲಿಗಳನ್ನು ಹಿಡಿದು ಹೊರಗೆ ಸುರಿಯುವ ಮಳೆಗೆ ಹೋಗಿಬಿಡುತ್ತಾನೆ. ಅವಳು ಕೊಡೆ ಹಿಡಿದು ಬಂದರೆ, ತಾನು ಅವಳಿಂದ ದೂರವಿರುವುದೇ ಒಳ್ಳೆಯದು ಎಂದು ಹೇಳಿ ನಡೆದುಬಿಡುತ್ತಾನೆ. ನಂದಿನಿಯ ಮನಸ್ಸು ಸೋಲುವುದು ಅವನ ಹರಟೆಗೆ ಅಲ್ಲವೇ ಅಲ್ಲ, ಈ ಹಿಂದೆಗೆತಕ್ಕೆ. ಅಲ್ಲಿಂದ ಮುಂದೆ ಕರ್ನಲ್ ಎದುರು ಒಮ್ಮೆ, ಗೌತಮನ ಎದುರು ಮತ್ತೊಮ್ಮೆ ಅವನು ಮುಖ್ಯವಾದದ್ದನ್ನು ನುಂಗಿಕೊಳ್ಳುತ್ತಾನೆ. ಮಾತುಗಾರನೊಬ್ಬನನ್ನು ಹಂತ ಹಂತವಾಗಿ ಮೌನದ ಕಡೆಗೆ ಒಯ್ಯುವುದೇ ಈ ಚಿತ್ರಕಥೆಯ ನಡೆ. ಮೊದಲರ್ಧದಲ್ಲಿ ಅಷ್ಟು ಮಾತು ಇರದಿದ್ದರೆ ಕೊನೆಯ ಮೌನಕ್ಕೆ ಬೆಲೆಯೇ ಬರುತ್ತಿರಲಿಲ್ಲ.

ಗಣೇಶ್ ಅದಕ್ಕೂ ಮೊದಲು ನಾಯಕರಾಗಿದ್ದರೇ?

ಹೌದು, 2006ರಲ್ಲೇ ಬಂದ ‘ಚೆಲ್ಲಾಟ’ದಲ್ಲಿ ಅವರು ನಾಯಕರಾಗಿದ್ದರು. ಅದಕ್ಕೂ ಮೊದಲು ಉದಯ ಟಿವಿಯ ‘ಕಾಮಿಡಿ ಟೈಮ್’ ಕಾರ್ಯಕ್ರಮದಿಂದ ಮನೆಮನೆಗೂ ಪರಿಚಿತರಾಗಿದ್ದರು. ದಿನವೂ ಕ್ಯಾಮೆರಾ ನೋಡಿ ಹರಟಿ ಅಭ್ಯಾಸವಿದ್ದ ಆ ನಾಲಿಗೆ ಪ್ರೀತಂ ಪಾತ್ರಕ್ಕೆ ಹೇಳಿಮಾಡಿಸಿದಂತಿತ್ತು. ಪಕ್ಕದ ಮನೆಯ ಹುಡುಗನಂತೆ ಕಾಣುವ, ಅಳುವಾಗ ನಾಚಿಕೊಳ್ಳದ ನಾಯಕನನ್ನು ಪ್ರೇಕ್ಷಕರು ಎದೆಗೆ ಹಚ್ಚಿಕೊಂಡರು.

ಪೂಜಾ ಗಾಂಧಿ ಕನ್ನಡದವರೇ?

ಅವರು ಉತ್ತರ ಪ್ರದೇಶದ ಮೀರತ್‌ನವರು, ಹುಟ್ಟುಹೆಸರು ಸಂಜನಾ. ಕನ್ನಡಕ್ಕೆ ಹೊಸಬರಾಗಿ ಬಂದ ಅವರು ನಂತರ ಕನ್ನಡ ಕಲಿತು ಇಲ್ಲಿಯವರೇ ಆಗಿದ್ದಾರೆ.

ಅನಂತ್ ನಾಗ್ ಅವರ ಪಾತ್ರವನ್ನು ಎಲ್ಲರೂ ಏಕೆ ನೆನೆಯುತ್ತಾರೆ?

ಕರ್ನಲ್ ಸುಬ್ಬಯ್ಯನವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮೊದಲು ಅದು ನಗುವಿಗೆ ಒದಗುವ ಸಂಗತಿ: ಎಡೆಬಿಡದೆ ಮಾತನಾಡುವ ಹುಡುಗ, ಏನೂ ಕೇಳಿಸದ ಮುದುಕ. ಆದರೆ ಕಥೆ ಮುಂದುವರಿದಂತೆ ಆ ಕಿವುಡಿಗೆ ಬೇರೆ ಅರ್ಥ ಬರುತ್ತದೆ. ಮಗಳ ಮದುವೆಯ ವಿಷಯ ಎತ್ತಬೇಕೆಂದು ಪ್ರೀತಂ ಅವರನ್ನು ಬೆಳಗಿನ ಓಟಕ್ಕೆ ಕರೆದೊಯ್ದಾಗ, ಮಾತು ಹೊರಡುವುದು ಅವರಿಂದಲೇ. ಕೇಳಿಸಿಕೊಳ್ಳುವವನು ಈ ಬಾರಿ ಹುಡುಗ. ಆ ಅದಲು ಬದಲನ್ನು ಅನಂತ್ ನಾಗ್ ದನಿ ಏರಿಸದೆ, ಕಣ್ಣೀರು ತರಿಸುವ ಯಾವ ತಂತ್ರಕ್ಕೂ ಹೋಗದೆ ನಿಭಾಯಿಸುತ್ತಾರೆ. 1973ರ ‘ಸಂಕಲ್ಪ’ದಿಂದ ಮೊದಲುಗೊಂಡು, ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕನ್ನಡದ ಎಷ್ಟೋ ಪ್ರೇಮಕಥೆಗಳಿಗೆ ನಾಯಕರಾಗಿದ್ದವರು ಅವರು. ಅಂದಿನ ಪ್ರೇಮಿಯೇ ಇಂದು ತಂದೆಯಾಗಿ ಪ್ರೇಮಕ್ಕೆ ಅಡ್ಡ ಬಂದಾಗ, ಹಿರಿಯ ಪ್ರೇಕ್ಷಕರಿಗೆ ಅವರನ್ನು ಖಳ ಎಂದು ನೋಡಲು ಸಾಧ್ಯವೇ ಆಗಲಿಲ್ಲ.

ಹಾಡುಗಳು ಇಷ್ಟು ಜನಪ್ರಿಯವಾದದ್ದಕ್ಕೆ ಕಾರಣವೇನು? ಬರೆದವರು ಯಾರು?

ಜಯಂತ ಕಾಯ್ಕಿಣಿ, ಕವಿರಾಜ್, ಹೃದಯಶಿವ ಮತ್ತು ಸ್ವತಃ ಯೋಗರಾಜ್ ಭಟ್ ಹಾಡುಗಳನ್ನು ಬರೆದಿದ್ದಾರೆ. ‘ಅನಿಸುತಿದೆ ಯಾಕೋ ಇಂದು’ ಮತ್ತು ‘ಕುಣಿದು ಕುಣಿದು ಬಾರೆ’ ಕಾಯ್ಕಿಣಿ ಅವರವು. ‘ಮುಂಗಾರು ಮಳೆಯೇ’ ಭಟ್ಟರದು. ‘ಒಂದೇ ಒಂದು ಸಾರಿ’ ಕವಿರಾಜ್ ಅವರದು. ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ‘ಅಮೆರಿಕಾ ಅಮೆರಿಕಾ’ (1997) ಚಿತ್ರದ ಸಂಗೀತದಿಂದಲೇ ಕನ್ನಡಿಗರಿಗೆ ಗೊತ್ತಿದ್ದವರು. ಗೋಕರ್ಣದ ಕಾಯ್ಕಿಣಿ ಅವರು ಸಣ್ಣಕತೆಗಾರರಾಗಿ, ಕವಿಯಾಗಿ ಸಾಹಿತ್ಯಲೋಕದಲ್ಲಿ ಅದಾಗಲೇ ದೊಡ್ಡ ಹೆಸರು. ‘ಚಿಗುರಿದ ಕನಸು’ (2003) ಚಿತ್ರಕ್ಕೂ ಹಾಡು ಬರೆದಿದ್ದರು. ಆದರೆ ಆಟೋ ಚಾಲಕರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಲ್ಲರ ನಾಲಿಗೆಯ ಮೇಲೂ ಅವರ ಪದಗಳು ಕುಳಿತದ್ದು ಈ ಚಿತ್ರದಿಂದ.

ಕಾರಣವನ್ನು ತಿಳಿಯಲು ಒಂದೇ ಒಂದು ಪದವನ್ನು ಹತ್ತಿರದಿಂದ ನೋಡಿದರೂ ಸಾಕು. ‘ಅನಿಸುತಿದೆ ಯಾಕೋ ಇಂದು’ ಎಂಬ ಮೊದಲ ಸಾಲಿನ ನಡುವೆ ಕುಳಿತಿರುವ ‘ಯಾಕೋ’ ಎಂಬ ಪದವಿದೆಯಲ್ಲ, ಅದು ಕಾವ್ಯದ ಪದವಲ್ಲ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ನಾವೆಲ್ಲ ಬಳಸುವ ಪದ. ಯಾಕೋ ಹಸಿವಿಲ್ಲ, ಯಾಕೋ ಬೇಜಾರು ಎನ್ನುತ್ತೇವೆ. ಕಾರಣ ಗೊತ್ತಿಲ್ಲ, ಹುಡುಕುವ ಹಟವೂ ಇಲ್ಲ ಎಂಬ ಭಾವ ಆ ಪದದ ಕೊನೆಯ ‘ಓ’ಕಾರದಲ್ಲಿದೆ. ‘ಅನಿಸುತಿದೆ’ ಎಂಬ ಕ್ರಿಯಾಪದಕ್ಕೂ ಕರ್ತೃ ಎದುರಿಗೆ ಕಾಣುವುದಿಲ್ಲ. ನಾನು ಅಂದುಕೊಳ್ಳುತ್ತೇನೆ ಎಂಬ ಗಟ್ಟಿತನವಿಲ್ಲದೆ, ತಾನಾಗಿಯೇ ಅನಿಸುತ್ತಿದೆ ಎಂಬ ಸಂಕೋಚವಿದೆ. ಪ್ರೀತಿ ಎಂಬ ಘೋಷಣೆಗೆ ಮೊದಲಿನ ಅಳುಕನ್ನು ಕನ್ನಡದ ವ್ಯಾಕರಣವೇ ಹೀಗೆ ಹಿಡಿದುಕೊಡುತ್ತದೆ. ಆಡುಮಾತಿನ ಪದವೊಂದು ಮಟ್ಟಿನ ಸರಿಯಾದ ಜಾಗದಲ್ಲಿ ಬಂದು ಕುಳಿತಾಗ ಅದು ಕವಿತೆಯಾಗಿಬಿಡುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಚಿತ್ರಗೀತೆಗಳಲ್ಲಿ ಸಿಕ್ಕಿಲ್ಲ.

ಚಿತ್ರಗೀತೆಗಳಲ್ಲಿ ಬಹುಮಟ್ಟಿಗೆ ಮೊದಲು ಹುಟ್ಟುವುದು ಮಟ್ಟು. ಸಂಗೀತ ನಿರ್ದೇಶಕರು ಅರ್ಥವಿಲ್ಲದ ಪದಗಳನ್ನಿಟ್ಟು ಹಾಡಿಕೊಟ್ಟ ಮಟ್ಟಿಗೆ ಕವಿ ಹ್ರಸ್ವ ದೀರ್ಘಗಳನ್ನು ಹೊಂದಿಸಿ ಬರೆಯಬೇಕು. ದೀರ್ಘ ಎಳೆಯಬೇಕಾದಲ್ಲಿ ಒತ್ತಕ್ಷರ ಬಂದರೆ ಗಾಯಕರ ಉಸಿರು ತಡವರಿಸುತ್ತದೆ. ಈ ಕಟ್ಟಿನೊಳಗಿದ್ದೂ ಸರಾಗವಾಗಿ ಕೇಳಿಸುವುದೇ ಕವಿಯ ಕಸುಬುಗಾರಿಕೆ.

ಹೊರಗಿನ ಗಾಯಕರೇ ಏಕೆ ಹಾಡಿದರು?

ಸೋನು ನಿಗಮ್, ಶ್ರೇಯಾ ಘೋಷಾಲ್, ಉದಿತ್ ನಾರಾಯಣ್, ಸುನಿಧಿ ಚೌಹಾನ್, ಕುನಾಲ್ ಗಾಂಜಾವಾಲಾ ಇವರೆಲ್ಲ ಇಲ್ಲಿ ಹಾಡಿದ್ದಾರೆ. ಜೊತೆಗೆ ಕನ್ನಡದವರೇ ಆದ ಹೇಮಂತ್ ಅವರ ‘ಸುವ್ವಿ ಸುವ್ವಾಲೆ’ಯೂ ಇದೆ ಎಂಬುದನ್ನು ಮರೆಯಬಾರದು. ಹಿಂದಿ ಹಾಡಿ ರೂಢಿಯಿರುವವರಿಗೆ ನಮ್ಮ ‘ಳ’ಕಾರ ದೊಡ್ಡ ಪರೀಕ್ಷೆ, ‘ಮಳೆ’ಯನ್ನು ‘ಮಲೆ’ ಎಂದರೆ ಮಳೆ ಹೋಗಿ ಬೆಟ್ಟ ಉಳಿಯುತ್ತದೆ. ಶೀರ್ಷಿಕೆ ಗೀತೆಯಲ್ಲಿ ಸೋನು ನಿಗಮ್ ‘ಮಳೆಯೇ’ ಎನ್ನುವುದನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಆ ಕಾಳಜಿಯಿಂದಲೇ ಕನ್ನಡಿಗರು ಅವರ ಕಂಠವನ್ನು ಒಪ್ಪಿಕೊಂಡರು. ಆದರೂ ಈ ಯಶಸ್ಸಿನ ನಂತರ ನಿರ್ಮಾಪಕರು ಮುಂಬೈ ಗಾಯಕರಿಗಾಗಿ ಸಾಲುಗಟ್ಟಿದ್ದರಿಂದ ಇಲ್ಲಿನ ಒಳ್ಳೆಯ ಕಂಠಗಳಿಗೆ ಅವಕಾಶ ಕಡಿಮೆಯಾಯಿತು ಎಂಬ ಬೇಸರದಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಲಾಗದು.

ದೇವದಾಸ ಎಂಬ ಮೊಲ ಕಥೆಗೆ ಏಕೆ ಬೇಕಿತ್ತು?

ನಂದಿನಿಯ ಮದುವೆ ನಿಶ್ಚಯವಾಗಿದೆ ಎಂದು ತಿಳಿದ ಸಿಟ್ಟಿನಲ್ಲಿ ಪ್ರೀತಂ ಅವಳ ಗಡಿಯಾರವನ್ನು ಎಸೆದುಬಿಡುತ್ತಾನೆ. ಆಮೇಲೆ ಅವಳ ಫೋನು ಬಂದಾಗ ಮನಸ್ಸು ತಿರುಗಿ ಅದನ್ನು ಹುಡುಕಲು ಹೋಗುತ್ತಾನೆ. ಆಗ ಸಿಕ್ಕುವುದೇ ಮೊಲ. ಅಂದರೆ ಎಸೆದದ್ದನ್ನು ಮತ್ತೆ ಹುಡುಕಿದ ಕ್ಷಣದ ಕೂಸು ಅದು. ದೇವದಾಸ ಎಂದು ಹೆಸರಿಟ್ಟಾಗ ಎಲ್ಲರೂ ನಗುತ್ತಾರೆ; ಆ ಹೆಸರಿನ ಪ್ರೇಮಿಗೆ ಏನಾಯಿತೆಂಬುದು ಗೊತ್ತಿದ್ದೂ ನಗುತ್ತಾರೆ. ಮಾತುಗಾರ ನಾಯಕನಿಗೆ ಎದುರಾಡದ ಶ್ರೋತೃವೊಂದು ಬೇಕಿತ್ತು, ಮನುಷ್ಯರ ಎದುರು ಹೇಳಲಾಗದ್ದನ್ನೆಲ್ಲ ಅವನು ಮೊಲಕ್ಕೆ ಹೇಳುತ್ತಾನೆ. ಎಲ್ಲ ಬಿಟ್ಟು ಹಿಂದಿರುಗುವ ಹೊತ್ತಿಗೆ ಮೊಲ ಸತ್ತಿರುತ್ತದೆ. ನಂದಿನಿಯ ಎದುರು ಅಳದವನು, ಕರ್ನಲ್ ಎದುರು ಅಳದವನು, ಒಂದು ಹಿಡಿಯಷ್ಟಿರುವ ಪ್ರಾಣಿಗಾಗಿ ಅತ್ತುಬಿಡುತ್ತಾನೆ. ಪ್ರೇಕ್ಷಕರಿಗೂ ಅಳಲು ಅಲ್ಲಿಯೇ ಅನುಮತಿ ಸಿಗುತ್ತದೆ.

ಪ್ರೇಮಿಗಳು ಒಂದಾಗಬೇಕಿತ್ತಲ್ಲವೇ? ನಂದಿನಿಯ ಇಷ್ಟವನ್ನು ಯಾರೂ ಕೇಳಲೇ ಇಲ್ಲವಲ್ಲ?

ಎರಡನೆಯ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ಹೆಚ್ಚು ಮಂದಿ, ಅದರಲ್ಲೂ ಹೆಣ್ಣುಮಕ್ಕಳು ಕೇಳುತ್ತಿದ್ದಾರೆ, ಕೇಳಲೇಬೇಕಾದ ಪ್ರಶ್ನೆಯದು. ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ತೋರಿದವಳು ನಂದಿನಿಯೇ. ಅವಳ ಬದುಕಿನ ತೀರ್ಮಾನವನ್ನು ತಂದೆ, ಪ್ರೇಮಿ, ವರ ಎಂಬ ಮೂವರು ಗಂಡಸರು ಬೆಳಗಿನ ಓಟದಲ್ಲೂ ರಾತ್ರಿಯ ಬಾರಿನಲ್ಲೂ ಕೈಗೊಳ್ಳುತ್ತಾರೆ. ತ್ಯಾಗ ಪ್ರೀತಂನದು ಎಂದು ಚಿತ್ರ ಹೇಳುತ್ತದೆ, ಆದರೆ ಬೆಲೆ ತೆರುವವಳು ನಂದಿನಿಯೂ ಹೌದು. ಚಿತ್ರವನ್ನು ಪ್ರೀತಿಸುವವನಾಗಿ ನಾನು ಇದನ್ನು ಅದರ ಕೊರತೆಯೆಂದೇ ಎಣಿಸುತ್ತೇನೆ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಬೇರೆ. ಇಬ್ಬರೂ ಓಡಿಹೋಗಿ ಮದುವೆಯಾಗಿದ್ದರೆ ಇದು ಆ ವರ್ಷದ ಹಲವು ಚಿತ್ರಗಳಲ್ಲಿ ಒಂದಾಗಿರುತ್ತಿತ್ತು. ಖಳನನ್ನು ಹೊಡೆದು ಹುಡುಗಿಯನ್ನು ಗೆಲ್ಲುವುದು ನಮ್ಮ ಸಿನಿಮಾದ ಸಿದ್ಧ ದಾರಿ. ಇಲ್ಲಿ ಪ್ರೀತಂ ಹೊಡೆದಾಡುವುದು ತನ್ನ ಎದುರಾಳಿಯಾದ ಗೌತಮನನ್ನು ಉಳಿಸಲು. ನಂದಿನಿಯ ಬೆನ್ನುಬಿದ್ದಿದ್ದ ಜಾನು ಗೌತಮನ ಮೇಲೆ ಏರಿಬಂದಾಗ ಅವನನ್ನು ಸದೆಬಡಿದು, ನಂದಿನಿಗೆ ತಕ್ಕವನು ಗೌತಮನೇ ಎಂದು ಒಪ್ಪಿಸುತ್ತಾನೆ. ಹೊಡೆದಾಟದ ದೃಶ್ಯವೊಂದು ಸೋಲನ್ನು ಗಟ್ಟಿಮಾಡಲು ಬಳಕೆಯಾದದ್ದು ಕನ್ನಡದಲ್ಲಿ ಅಪರೂಪವೇ ಸರಿ.

ಚಿತ್ರ ಎಷ್ಟು ಕಾಲ ಓಡಿತು?

ಬೆಂಗಳೂರಿನ ಪಿವಿಆರ್ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೀರಿ ಸತತವಾಗಿ ಪ್ರದರ್ಶನ ಕಂಡಿತು. ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷ ಪೂರೈಸಿದ ದೇಶದ ಮೊದಲ ಚಿತ್ರವೆಂಬ ಹೆಸರು ಅದಕ್ಕಿದೆ. ಆಗ ಮಲ್ಟಿಪ್ಲೆಕ್ಸ್‌ಗಳು ಬೆಂಗಳೂರಿಗೆ ಇನ್ನೂ ಹೊಸವು, ಅಲ್ಲಿ ಕನ್ನಡ ಚಿತ್ರ ನೋಡುವವರು ಯಾರು ಎಂಬ ತಾತ್ಸಾರ ಸಾಮಾನ್ಯವಾಗಿತ್ತು. ಇಂಗ್ಲಿಷ್, ಹಿಂದಿ ಚಿತ್ರಗಳಿಗೆ ಹೋಗುತ್ತಿದ್ದ ನಗರದ ಕನ್ನಡಿಗ ಕುಟುಂಬಗಳು ಅಜ್ಜಿಯನ್ನೂ ಕರೆದುಕೊಂಡು ಅಲ್ಲಿಗೆ ಬಂದವು. ಆ ತಾತ್ಸಾರಕ್ಕೆ ಉತ್ತರ ಕೊಟ್ಟದ್ದು ಟಿಕೆಟ್ ಕಿಟಕಿ.

ಬೇರೆ ಭಾಷೆಗಳಿಗೆ ಹೋಗಿದೆಯೇ? ಎರಡನೆಯ ಭಾಗ ಇದರ ಮುಂದುವರಿಕೆಯೇ?

ತೆಲುಗಿನಲ್ಲಿ ‘ವಾನ’ (2008), ಬಂಗಾಳಿಯಲ್ಲಿ ‘ಪ್ರೇಮೇರ್ ಕಾಹಿನಿ’ (2008) ಎಂದು ಮರುನಿರ್ಮಾಣಗೊಂಡಿತು. ಪರಭಾಷೆ ಚಿತ್ರಗಳ ರೀಮೇಕುಗಳೇ ತುಂಬಿಕೊಂಡಿದ್ದ ಕಾಲದಲ್ಲಿ ಕನ್ನಡದ ಸ್ವಂತ ಕಥೆಯೊಂದು ಹೊರಗೆ ಹೋದದ್ದು ಹೆಮ್ಮೆಯ ವಿಷಯವಾಗಿತ್ತು. 2016ರ ‘ಮುಂಗಾರು ಮಳೆ 2’ ಶಶಾಂಕ್ ನಿರ್ದೇಶನದ್ದು, ಸಂಗೀತ ಅರ್ಜುನ್ ಜನ್ಯ ಅವರದು. ಗಣೇಶ್ ನಾಯಕರಾದರೂ ಕಥೆ ಬೇರೆ.

ಈ ಚಿತ್ರದಿಂದ ಕನ್ನಡ ಚಿತ್ರರಂಗದಲ್ಲಿ ಏನು ಬದಲಾಯಿತು?

ಮಚ್ಚು, ಲಾಂಗುಗಳ ಭೂಗತಲೋಕದ ಕಥೆಗಳಿಗೆ ಒಗ್ಗಿಹೋಗಿದ್ದ ಗಾಂಧಿನಗರಕ್ಕೆ, ಮೃದುವಾದ ಕಥೆಯೂ ದುಡ್ಡು ತರಬಲ್ಲದು ಎಂಬ ನಂಬಿಕೆ ಬಂತು. ದೊಡ್ಡ ತಾರೆಯಿಲ್ಲದೆಯೂ ಹಾಡು, ಸಂಭಾಷಣೆ, ಹೊರಾಂಗಣ ಇವುಗಳ ಬಲದ ಮೇಲೆ ಚಿತ್ರ ಮಾಡಬಹುದು ಎಂಬ ಧೈರ್ಯ ಹೊಸಬರಿಗೆ ಸಿಕ್ಕಿತು. ಮನೋಮೂರ್ತಿ ಮತ್ತು ಕಾಯ್ಕಿಣಿ ಮರುವರ್ಷವೇ ‘ಮಿಲನ’ದಲ್ಲಿ ಮತ್ತೆ ಒಂದಾದರು, ಭಟ್ಟರು ‘ಗಾಳಿಪಟ’ (2008), ‘ಮನಸಾರೆ’ (2009) ಚಿತ್ರಗಳನ್ನು ಮಾಡಿದರು, ಪ್ರೀತಂ ಗುಬ್ಬಿ ಮತ್ತು ಕೃಷ್ಣ ತಾವೇ ನಿರ್ದೇಶಕರಾದರು. ಜೊತೆಗೆ ಅನುಕರಣೆಯ ಮಳೆಯೂ ಸುರಿಯಿತು: ಕಾರಣವಿಲ್ಲದೆ ನೆನೆಯುವ ನಾಯಕರು, ಹೇಳಲು ಏನೂ ಇಲ್ಲದಿದ್ದರೂ ಹರಟುವ ನಾಯಕರು ವರ್ಷಗಟ್ಟಲೆ ಬಂದು ಹೋದರು. ಮೂಲ ಚಿತ್ರದಲ್ಲಿ ಆ ಹರಟೆ ಒಂದು ಮೌನಕ್ಕೆ ಸಿದ್ಧತೆಯಾಗಿತ್ತು ಎಂಬುದನ್ನು ಅವರಲ್ಲಿ ಹೆಚ್ಚಿನವರು ಗಮನಿಸಲಿಲ್ಲ.

ಚಿತ್ರದಲ್ಲಿ ಕಂಡಂತೆ ಜೋಗವನ್ನು ನೋಡಲು ಯಾವಾಗ ಹೋಗಬೇಕು?

ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಒಳ್ಳೆಯ ಮಳೆಯಾದ ವರ್ಷ. ಶರಾವತಿಯ ನೀರನ್ನು ಮೇಲೆಯೇ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ವಿದ್ಯುತ್ತಿಗಾಗಿ ತಡೆದಿಟ್ಟಿರುವುದರಿಂದ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳೂ ಬಡಕಲಾಗಿರುತ್ತವೆ. ಸಾಗರದಿಂದ ಸುಮಾರು 30 ಕಿಲೋಮೀಟರ್ ದಾರಿ. ಕೊಡೆ ಒಯ್ದರೂ ಗಾಳಿಗೆ ನಿಲ್ಲುವುದಿಲ್ಲ, ರೇನ್‌ಕೋಟ್ ಇರಲಿ. ಕಾಡಂಚಿನಲ್ಲಿ ನಡೆಯುವವರು ಇಂಬಳಗಳಿಗೆ ಉಪ್ಪು ಇಟ್ಟುಕೊಳ್ಳಲಿ. ಚಿತ್ರದಲ್ಲಿ ನೋಡಿದ್ದೇವೆಂದು ಜಲಪಾತದ ನೆತ್ತಿಯ ಬಂಡೆಗಳತ್ತ ಮಾತ್ರ ಯಾರೂ ಹೋಗಬಾರದು. ಅಲ್ಲಿ ಪಾಚಿ ಜಾರುತ್ತದೆ, ಕೆಳಗೆ 253 ಮೀಟರ್ ಆಳವಿದೆ. ಎದುರು ದಡದ ವೀಕ್ಷಣಾ ಸ್ಥಳದಲ್ಲಿ ನಿಂತು ತಾಳ್ಮೆಯಿಂದ ಕಾಯಿರಿ. ಮಂಜು ಮುಚ್ಚಿಕೊಂಡು ಏನೂ ಕಾಣದಂತಾಗುತ್ತದೆ, ಬರೀ ಸದ್ದು ಕೇಳುತ್ತದೆ, ಅರ್ಧ ಗಂಟೆಯ ಮೇಲೆ ಗಾಳಿ ತಿರುಗಿದಾಗ ರಾಜನ ಬಿಳಿಯ ಗೆರೆ ಮೊದಲು ಕಾಣಿಸಿಕೊಳ್ಳುತ್ತದೆ.